ಮೂರು ಗಂಟೆ ಹನ್ನೆರಡರ ಹಾಡು

"ಗುರುವಾರವಾ? ಗುರುವಾರ ಮಧ್ಯಾಹ್ನ ನಾನು ಎಲ್ಲಿಂದ ಗಾಳಿ ಹಾಕಲಿ ಮೇಡಂ? ಕರೆಂಟೇ ಇರಲಿಲ್ಲವಲ್ಲ!"

ಸೈಕಲ್ ಶಾಪಿನವನು ಇದನ್ನು ತೀರಾ ಸಲೀಸಾಗಿ ಹೇಳಿದ. ಅವನ ಕೈ ಪಂಕ್ಚರ್ ಆದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿತ್ತು. ಅವನ ಪಾಲಿಗೆ ಅದು ಹಾಳಾಗಿ ಹೋದ ಒಂದು ಮಧ್ಯಾಹ್ನದ ದೂರು, ಅಷ್ಟೇ. ಜೀಪಿನ ಕಡೆ ಹೊರಟಿದ್ದ ಇನ್ಸ್‌ಪೆಕ್ಟರ್ ಮಾತ್ರ ನಿಂತಲ್ಲೇ ನಿಂತಳು.

"ಏನಂದ್ರಿ?"

"ಚರಂಡಿ ಅಗೆಯೋರು ಬಂದಿದ್ರಲ್ಲ, ಒಂದೇ ಏಟಿಗೆ ಎಲ್ಲಾ ಕತ್ತರಿಸಿ ಹಾಕಿದ್ರು. ಕರೆಂಟಿನ ತಂತಿನೂ ಹೋಯ್ತು, ಇಂಟರ್‌ನೆಟ್ ತಂತಿನೂ ಹೋಯ್ತು. ಕರೆಂಟು ಅವತ್ತೇ ಬಂತು. ಇಂಟರ್‌ನೆಟ್ ಬಂದಿದ್ದು ಮಾರನೇ ದಿನ."

"ಕರೆಂಟು ಹೋಗಿದ್ದು ಎಷ್ಟು ಹೊತ್ತಿಗೆ, ಬಂದಿದ್ದು ಎಷ್ಟು ಹೊತ್ತಿಗೆ? ಅಂದಾಜು ಬೇಡ."

"ಅಂದಾಜು ಯಾಕೆ? ಎರಡು ಗಂಟೆ ವಾರ್ತೆ ಶುರುವಾಯ್ತು, ರೇಡಿಯೋ ಗಪ್‌ಚಿಪ್ ಆಯ್ತು. ಆಮೇಲೆ ಮೂರೂ ಮುಕ್ಕಾಲಿಗೆ ಈ ಕಂಪ್ರೆಸರ್ ತಾನಾಗೇ ಗುರ್ ಅಂತ ಎದ್ದಿತು. ಸ್ವಿಚ್ ಹಾಕಿದ್ದು ಹಾಗೇ ಇತ್ತು ನೋಡಿ, ಬೆಚ್ಚಿಬಿದ್ದೆ. ಗೋಡೆ ಗಡಿಯಾರ ನೋಡ್ಕೊಂಡೇ ಕೂತಿದ್ದೆ, ಬೇರೆ ಏನು ಕೆಲಸ ಇತ್ತು?"

"ನಿನ್ನೆ ಹೇಳಿಕೆ ತಗೊಂಡಾಗ ಇದನ್ನ ಯಾಕೆ ಹೇಳಲಿಲ್ಲ?"

ಅವನು ಟ್ಯೂಬನ್ನು ನೀರಿನಿಂದ ಎತ್ತಿ ಅವಳ ಮುಖ ನೋಡಿದ. "ಬೈಂಡರ್ ತಮ್ಮ ಬಂದಿದ್ದು ಎಷ್ಟು ಹೊತ್ತಿಗೆ ಅಂತ ಕೇಳಿದ್ರಿ. ಮೂರೂಕಾಲು ಅಂದೆ. ಮುಂದೆ ಹೇಳೋಣ ಅಂತ ಬಾಯಿ ತೆರೆದೆ, ನೀವು ಜೀಪ್ ಹತ್ತಿ ಆಗಿತ್ತು."

ಬೆನ್ನ ಹಿಂದೆ ದಫೇದಾರ ಕೆಮ್ಮಿದ. ಆ ಕೆಮ್ಮಿನ ಅರ್ಥ ಅವಳಿಗೆ ಗೊತ್ತಿತ್ತು. ಠಾಣೆಯಲ್ಲಿ ತನಗೊಂದು ಅಡ್ಡಹೆಸರು ಇದೆಯೆಂದೂ ಗೊತ್ತಿತ್ತು: ಅರ್ಧಮಾತು ಮೇಡಂ. ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಉಳಿದರ್ಧ ಇವಳೇ ಮುಗಿಸಿ, ಬರೆದುಕೊಂಡು, ರುಜು ಹಾಕಿಸಿಕೊಂಡು ಹೊರಟಿರುತ್ತಾಳೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಆ ಉಳಿದರ್ಧ ಸರಿಯಾಗಿಯೇ ಬಂದಿತ್ತು. ಅದಕ್ಕೇ ಅವಳಿಗೆ ಆ ಹೆಸರಿನ ಮೇಲೆ ಸಣ್ಣದೊಂದು ಹೆಮ್ಮೆಯೂ ಇತ್ತು.

ಇವತ್ತು ಅವಳು ಜೀಪು ಹತ್ತಲಿಲ್ಲ.

ಗುರುವಾರ ಸಂಜೆ ಈ ಓಣಿಯ ಬುಕ್ ಬೈಂಡರ್ ತನ್ನ ಕೆಲಸದ ಕೋಣೆಯಲ್ಲೇ ತಲೆಗೆ ಪೆಟ್ಟು ತಿಂದು ಸತ್ತು ಬಿದ್ದಿದ್ದ. ನಿನ್ನೆ ಮಧ್ಯಾಹ್ನದಿಂದ ಅವನ ತಮ್ಮ ಲಾಕಪ್ಪಿನಲ್ಲಿದ್ದಾನೆ. ಇವತ್ತು ಹನ್ನೆರಡಕ್ಕೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಅವನನ್ನು ಒಳಗೆ ಹಾಕಿಸಿದ್ದು ಒಂದು ಹಾಡು.

ಬೈಂಡರನ ಮನೆಯಲ್ಲಿ ಅವನು ಕೇಳುವ ಪ್ರತಿ ಹಾಡನ್ನೂ ಹೊತ್ತಿನ ಸಮೇತ ಬರೆದಿಡುವ ಒಂದು ಪುಟ್ಟ ಯಂತ್ರ ಇತ್ತು. ಅದರ ಪಟ್ಟಿಯಲ್ಲಿ ಗುರುವಾರದ ಕೊನೆಯ ಹಾಡು ಮುಗಿದದ್ದು ಮೂರು ಗಂಟೆ ಹನ್ನೆರಡಕ್ಕೆ. ತಮ್ಮ ಬಂದದ್ದು ಮೂರೂಕಾಲಿಗೆ. ಆಮೇಲೆ ಆ ಮನೆಯಲ್ಲಿ ಹಾಡಿಲ್ಲ. ತಮ್ಮನ ಮದುವೆ ಹೋದ ತಿಂಗಳಷ್ಟೇ ಮುರಿದುಬಿದ್ದಿತ್ತು. ಅವನು ಎರಡು ಸಲ ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಿ ಬಂದವನೆಂದು ಹುಡುಗಿಯ ಮನೆಗೆ ಹೋಗಿ ಹೇಳಿ ಬಂದವನು ಸ್ವಂತ ಅಣ್ಣನೇ. ಇನ್ನೇನು ಬೇಕು?

"ಬಾಗಿಲು ಬಡಿದೆ, ತೆಗೀಲಿಲ್ಲ, ವಾಪಸ್ ಹೋದೆ," ಎಂದಿದ್ದ ತಮ್ಮ. ಅಷ್ಟು ಬಿಟ್ಟರೆ ಬಾಯಿಗೆ ಬೀಗ. ಅನ್ನ ಮುಟ್ಟಿಲ್ಲ. ಅವರಿಬ್ಬರ ತಾಯಿ ನಿನ್ನೆಯಿಂದ ಠಾಣೆಯ ಬೆಂಚಿನ ಮೇಲೆ ಬಟ್ಟೆಯ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. "ಇದ್ದಿದ್ದು ಇಬ್ಬರು ತಾಯೀ. ದೊಡ್ಡವನು ಹೋದ. ಇವನೊಬ್ಬನನ್ನಾದರೂ ನನಗೆ ಬಿಡಿ," ಎಂದು ಅವಳು ಇನ್ಸ್‌ಪೆಕ್ಟರ್ ಕೈ ಹಿಡಿದುಕೊಂಡಿದ್ದಳು. ಇನ್ಸ್‌ಪೆಕ್ಟರ್ ಕೈ ಬಿಡಿಸಿಕೊಂಡು ಒಳಗೆ ಹೋಗಿದ್ದಳು.

"ದಫೇದಾರ್ರೇ, ಎರಡರಿಂದ ಮೂರೂ ಮುಕ್ಕಾಲರವರೆಗೆ ಓಣಿಯಲ್ಲಿ ಕರೆಂಟಿಲ್ಲ ಅಂದ್ರೆ ಆ ಯಂತ್ರ ಮೂರು ಹನ್ನೆರಡಕ್ಕೆ ಹೇಗೆ ಹಾಡ್ತು?"

ದಫೇದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಡೋಕೆ ಸಾಧ್ಯ ಇಲ್ಲ ಮೇಡಂ."

"ಮಹಡಿ ಮಾಸ್ತರನ್ನ ಕೆಳಗೆ ಕರೀರಿ."

*

ಬೈಂಡರನ ಕೋಣೆ ಎರಡು ದಿನ ಮುಚ್ಚಿದ್ದರಿಂದ ಗೋಂದಿನ ಹುಳಿ ವಾಸನೆ ಮೂಗಿಗೆ ಅಡರಿತು. ಒತ್ತುಯಂತ್ರದಲ್ಲಿ ಯಾವುದೋ ಕಾಲೇಜಿನ ಹಾಜರಿ ಪುಸ್ತಕಗಳು ಇನ್ನೂ ಬಿಗಿದೇ ಇದ್ದವು. ಮೇಣ ಹಚ್ಚಿದ ದಾರ ಸೂಜಿಯ ಸಮೇತ ಅರ್ಧ ಹೊಲಿದ ಪುಸ್ತಕದಿಂದ ಜೋತುಬಿದ್ದಿತ್ತು. ಹೊಲಿದ ಹಾಳೆಗಳ ಮೇಲೆ ಇಡುವ ಕಬ್ಬಿಣದ ಗುಂಡುಗಳು ಜೋಡಿ. ಒಂದು ಈಗ ಠಾಣೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದ ಸಾಕ್ಷಿ. ಇನ್ನೊಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತಿತ್ತು.

ಗೋಡೆಯ ಕಪಾಟಿನಲ್ಲಿ ತೆಳ್ಳನೆಯ ಪುಸ್ತಕಗಳ ಸಾಲು. ಎಲ್ಲಕ್ಕೂ ನೀಲಿ ಬಟ್ಟೆಯ ಬೆನ್ನು. ಒಂದೊಂದರ ಮೇಲೂ ತಿಂಗಳು, ವರ್ಷ, ಮತ್ತು ಒಂದೇ ಪದ: 'ಕೇಳಿದ್ದು'.

ಬೈಂಡರ್ ಮೊದಲು ಯಾವುದೋ ಕಂಪನಿಯ ಬಿಟ್ಟಿ ಸೇವೆಯಲ್ಲಿ ತನ್ನ ಹಾಡಿನ ಪಟ್ಟಿ ಇಡುತ್ತಿದ್ದನಂತೆ. ಒಂದು ಬೆಳಿಗ್ಗೆ ಕಂಪನಿ ಬಾಗಿಲು ಹಾಕಿತು. ಏಳು ವರ್ಷದ ಪಟ್ಟಿ ಗಾಳಿಗೆ ಹೋಯಿತು. ಎರಡು ದಿನ ಊಟ ಬಿಟ್ಟು ಕೂತವನು ಮೂರನೇ ದಿನ ಮಹಡಿ ಹತ್ತಿ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದ ಮಾಸ್ತರ ಮುಂದೆ ನಿಂತು, "ನನ್ನ ಕಿವಿಯ ದಫ್ತರ ನನ್ನ ಮನೆಯಲ್ಲೇ ಇರಬೇಕು ಸಾರ್, ಏನಾದ್ರೂ ಮಾಡಿ," ಅಂದಿದ್ದ. ಮಾಸ್ತರು ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಕಂಪ್ಯೂಟರ್ ತಂದು ಮೇಜಿನ ಕೆಳಗೆ ಕೂರಿಸಿದರು. ಹಾಡು ನುಡಿಸುವುದೂ ಅದೇ, ಬರೆದಿಡುವುದೂ ಅದೇ. ತಿಂಗಳ ಕೊನೆಗೆ ಬೈಂಡರ್ ಪಟ್ಟಿಯನ್ನು ಅಚ್ಚು ಹಾಕಿ, ಹೊಲಿದು, ರಟ್ಟು ಕಟ್ಟುತ್ತಿದ್ದ. ಮತ್ತೊಮ್ಮೆ ಗಾಳಿಗೆ ಹೋಗಬಾರದಲ್ಲ.

ಮಾಸ್ತರು ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಬಂದರು. ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು.

"ಮಾಸ್ತರೇ, ಗುರುವಾರ ಇಲ್ಲಿ ಕರೆಂಟು ಹೋಗಿತ್ತು."

"ಹೋಗಿತ್ತು ಮೇಡಂ."

"ನೀವು ಮನೇಲೇ ಇದ್ರಿ."

"ಇದ್ದೆ. ಫ್ಯಾನಿಲ್ಲದೆ ನಿದ್ದೆ ಬರಲಿಲ್ಲ."

"ಗುರುವಾರ ರಾತ್ರಿ ನೀವೇ ಈ ಪಟ್ಟಿ ನನ್ನ ಕೈಗೆ ಅಚ್ಚು ಹಾಕಿ ಕೊಟ್ರಿ. ಮೂರು ಹನ್ನೆರಡು ಅಂತ ನಾನು ಗಟ್ಟಿಯಾಗಿ ಓದಿದೆ. ನೀವು ತಲೆ ಅಲ್ಲಾಡಿಸಿದ್ರಿ. ಕರೆಂಟಿಲ್ಲದ ಹೊತ್ತಲ್ಲಿ ಹಾಡು ಹೇಗೆ ಬಂತು ಮಾಸ್ತರೇ? ಪಟ್ಟಿ ತಿದ್ದಿದ್ದು ನೀವೋ, ಬೇರೆ ಯಾರೋ?"

"ಅಯ್ಯೋ, ತಿದ್ದಿಲ್ಲ! ಯಾರೂ ತಿದ್ದಿಲ್ಲ!" ಮಾಸ್ತರ ಧ್ವನಿ ಒಡೆಯಿತು. "ತಪ್ಪು ಅದರ ಗಡಿಯಾರದ್ದು. ಅಲ್ಲ, ತಪ್ಪು ನಂದೇ."

ಅವರು ಬಗ್ಗಿ ಮೇಜಿನ ಕೆಳಗಿನ ಪೆಟ್ಟಿಗೆಯನ್ನು ತೋರಿಸಿದರು. ಅದರ ಪಕ್ಕದಲ್ಲಿ ಗುಂಡಿಯಷ್ಟು ಅಗಲದ ಒಂದು ಖಾಲಿ ಗೂಡಿತ್ತು.

"ಇಲ್ಲಿ ಒಂದು ಸಣ್ಣ ಸೆಲ್ ಕೂರಬೇಕು. ಕೈಗಡಿಯಾರದ ಸೆಲ್ ಥರದ್ದು. ಅದಿದ್ರೆ ಕರೆಂಟು ಹೋದ್ರೂ ಇದಕ್ಕೆ ಹೊತ್ತು ನೆನಪಿರುತ್ತೆ. ಹಾಕ್ತೀನಿ ಹಾಕ್ತೀನಿ ಅಂತ ಒಂದು ವರ್ಷ ಮುಂದೂಡಿದೆ. ಸೆಲ್ ಇಲ್ಲದೆ ಕರೆಂಟು ಹೋದ್ರೆ ಇದು ನಿದ್ದೆ ಹೋದ ಹಾಗೆ. ಎದ್ದಾಗ ಎಲ್ಲಿ ಮಲಗಿತ್ತೋ ಅಲ್ಲಿಂದಲೇ ಎಣಿಸೋಕೆ ಶುರು ಮಾಡುತ್ತೆ."

"ಎರಡು ಗಂಟೆಗೆ ಮಲಗಿತು. ಮೂರೂ ಮುಕ್ಕಾಲಿಗೆ ಎದ್ದಿತು. ಎದ್ದು, ಈಗ ಎರಡು ಗಂಟೆ ಅಂದುಕೊಂಡಿತು."

"ಹೌದು. ಸಾಮಾನ್ಯವಾಗಿ ಎದ್ದ ತಕ್ಷಣ ಇಂಟರ್‌ನೆಟ್ಟಲ್ಲಿ ಸರಿಯಾದ ಹೊತ್ತು ಕೇಳಿ ತಿದ್ದಿಕೊಳ್ಳುತ್ತೆ. ಅವತ್ತು ಅದೂ ಇರಲಿಲ್ಲ. ಪಟ್ಟಿಯಲ್ಲಿ ಎರಡಾದ ಮೇಲಿನದ್ದೆಲ್ಲಾ ಒಂದೂ ಮುಕ್ಕಾಲು ಗಂಟೆ ಹಿಂದೆ ಬಿದ್ದಿದೆ. ನೋಡೋರಿಗೆ ನಡುವೆ ಬಿರುಕೇ ಕಾಣಲ್ಲ."

ಇನ್ಸ್‌ಪೆಕ್ಟರ್ ಬೆರಳು ಮಡಿಸಿದಳು. ಮೂರು ಹನ್ನೆರಡಕ್ಕೆ ಒಂದೂ ಮುಕ್ಕಾಲು ಸೇರಿಸು. ಐದಕ್ಕೆ ಮೂರು ನಿಮಿಷ ಕಮ್ಮಿ.

"ಇದು ನಿಮಗೆ ಯಾವಾಗ ಹೊಳೀತು?"

ಮಾಸ್ತರು ತಲೆ ತಗ್ಗಿಸಿದರು. "ನಿನ್ನೆ ಮಧ್ಯಾಹ್ನ. ಅವನ ತಮ್ಮನನ್ನ ಜೀಪಿಗೆ ಹತ್ತಿಸ್ತಾ ಇದ್ರಿ. ನಾನು ಮೇಲಿಂದ ನೋಡ್ತಾ ಇದ್ದೆ."

"ನೋಡ್ತಾ ಇದ್ದು?"

"ಇಳಿಯೋಕೆ ಕಾಲು ಬರಲಿಲ್ಲ. ಇಪ್ಪತ್ತೈದು ವರ್ಷ ಮಕ್ಕಳಿಗೆ ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತ ಪಾಠ ಮಾಡಿದವನು ನಾನು. ನನ್ನ ಒಂದು ಸೋಮಾರಿತನಕ್ಕೆ ಒಬ್ಬ ಜೈಲಿಗೆ ಹೋದ ಅಂತ ಓಣಿಯೋರ ಮುಂದೆ ಹೇಗೆ ಹೇಳಲಿ? ಬೆಳಿಗ್ಗೆ ಹೇಳ್ತೀನಿ, ಬೆಳಿಗ್ಗೆ ಹೇಳ್ತೀನಿ ಅಂದುಕೊಂಡೆ."

"ಸೆಲ್ ಹಾಕಿದ ಹಾಗೆ!" ಇನ್ಸ್‌ಪೆಕ್ಟರ್ ಸಿಡಿದಳು. "ಒಂದು ಮುದುಕಿ ನಿನ್ನೆಯಿಂದ ನನ್ನ ಠಾಣೆ ಬೆಂಚಲ್ಲಿ ಕೂತಿದ್ದಾಳೆ, ಗೊತ್ತಾ ನಿಮಗೆ? ಒಬ್ಬ ಮಗನ್ನ ಮಣ್ಣು ಮಾಡೋದನ್ನೂ ನೋಡಿಲ್ಲ ಅವಳು. ಇನ್ನೊಬ್ಬನ್ನ ಕಾಯ್ತಾ ಕೂತಿದ್ದಾಳೆ."

ಬೈದದ್ದು ಮಾಸ್ತರನ್ನೇ. ಆದರೆ ಪ್ರತಿ ಮಾತೂ ತಿರುಗಿ ತನ್ನ ಕೆನ್ನೆಗೇ ಬೀಳುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಮಾಸ್ತರು ಹೇಳಲಿಲ್ಲ, ನಿಜ. ಕೇಳಿದವರು ಯಾರು?

"ಮೇಡಂ, ಇನ್ನೊಂದು ವಿಷಯ ಇದೆ," ಮಾಸ್ತರು ಕಣ್ಣೊರೆಸಿಕೊಂಡು ಶುರು ಮಾಡಿದರು. "ಈ ಪಟ್ಟಿ ಇದೆಯಲ್ಲ, ಅರ್ಧ ಹಾಡು ಓಡಿದರೆ ಪೂರ್ತಿ ಕೇಳಿದ ಲೆಕ್ಕ. ಅದು ಅಲ್ಲದೆ, ಓಡಿದ್ದು ಅಂದ ಮಾತ್ರಕ್ಕೆ..."

"ಸಾಕು ಮಾಸ್ತರೇ."

"ಅಲ್ಲ ಮೇಡಂ, ಅದು..."

"ಸಾಕು ಅಂದೆ! ಕೋರ್ಟಿಗೆ ಒಂದು ಗಂಟೆ ಉಳಿದಿದೆ." ಅವಳು ಆಗಲೇ ದಫೇದಾರನ ಕಡೆ ತಿರುಗಿದ್ದಳು. "ಠಾಣೆಗೆ ಹೋಗಿ. ತಮ್ಮನ್ನ ಬಿಟ್ಟುಬಿಡಿ. ಅವನು ಬಂದು ಹೋಗಿದ್ದು ಮೂರೂಕಾಲಿಗೆ. ಅಣ್ಣ ಐದರವರೆಗೆ ಹಾಡು ಕೇಳ್ತಾ ಕೂತಿದ್ದ."

ದಫೇದಾರ ಅಲ್ಲಾಡಲಿಲ್ಲ. "ಮೇಡಂ, ಸಾಹೇಬರಿಗೆ ಒಂದು ಮಾತು..."

"ನಾನು ಹೇಳ್ಕೋತೀನಿ. ತಾಯಿ ಮಗ ಇಬ್ಬರನ್ನೂ ಜೀಪಲ್ಲೇ ಕರ್ಕೊಂಡು ಹೋಗಿ ಮನೆಗೆ ಬಿಡಿ. ಮೊದಲು ಅವನಿಗೆ ಊಟ ಕೊಡಿಸಿ."

ಎರಡು ಬೀದಿ ಆಚೆಯ ಠಾಣೆಗೆ ಜೀಪು ಹೊರಟ ಸದ್ದು ಕೇಳಿದ ಮೇಲೆ ಅವಳ ಎದೆಯ ಭಾರ ಸ್ವಲ್ಪ ಇಳಿಯಿತು. ಬಾಗಿಲು ಬಡಿದೆ, ತೆಗೀಲಿಲ್ಲ ಅಂದಿದ್ದ ಪಾಪದವನು. ಕಿವಿಯ ತುಂಬ ಹಾಡು ಹಾಕಿಕೊಂಡು ಕೂತವನಿಗೆ ಬಾಗಿಲ ಸದ್ದು ಕೇಳುವುದಾದರೂ ಹೇಗೆ? ಅಷ್ಟು ಸರಳವಾದದ್ದು ತನಗೆ ಹೊಳೆಯದೇ ಹೋಯಿತಲ್ಲ. ಇವತ್ತು ಸಂಜೆ ಆ ಮನೆಗೆ ಹೋಗಿ ತಾಯಿಯ ಎದುರು ಕೈ ಮುಗಿಯಬೇಕು. ಅದೂ ಅವಳು ಇಷ್ಟು ವರ್ಷದಲ್ಲಿ ಮಾಡಿರದ ಕೆಲಸ.

ಆದರೆ ಐದಕ್ಕೆ ಮೂರು ನಿಮಿಷ ಇರುವವರೆಗೆ ಬೈಂಡರ್ ಬದುಕಿದ್ದರೆ, ಐದಕ್ಕೆ ಈ ಮನೆಯೊಳಗೆ ಬಂದವರು ಒಬ್ಬರೇ.

"ಅಮ್ಮಾ, ಸ್ವಲ್ಪ ಈಚೆ ಬನ್ನಿ," ಎಂದು ಅವಳು ಅಡುಗೆಮನೆಯ ಕಡೆ ಕೂಗಿದಳು.

*

ಬೈಂಡರನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ ಅವಳದ್ದು. ಬಂದವರ ನೋವನ್ನು ಮುಖ ನೋಡಿಯೇ ಅಳೆಯುವ ಅಭ್ಯಾಸ. ಇನ್ಸ್‌ಪೆಕ್ಟರ್ ಮುಖವನ್ನೂ ಹಾಗೆಯೇ ನೋಡಿದಳು.

"ಈಗ ನನ್ನ ಸರದಿಯಾ?" ಅಂದಳು.

"ಗುರುವಾರ ನೀವು ಎಷ್ಟು ಹೊತ್ತಿಗೆ ಬಂದ್ರಿ?"

"ಐದಕ್ಕೆ. ಅವತ್ತೂ ಹೇಳಿದ್ದೆ."

"ಐದಕ್ಕೆ ಮೂರು ನಿಮಿಷ ಇರೋವರೆಗೆ ನಿಮ್ಮ ಗಂಡ ಹಾಡು ಕೇಳ್ತಾ ಇದ್ರು. ನೀವು ಒಳಗೆ ಬರೋಕೂ ಹಾಡು ನಿಲ್ಲೋಕೂ ಸರಿಹೋಯ್ತು. ಇದಕ್ಕೇನು ಹೇಳ್ತೀರಾ?"

ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ಸುಸ್ತಾದವಳ ಹಾಗೆ ಕಣ್ಣು ಮುಚ್ಚಿ ತೆರೆದಳು.

"ಹಾಡು ತಾನಾಗಿ ನಿಲ್ಲಲಿಲ್ಲ. ನಿಲ್ಲಿಸಿದ್ದು ನಾನು."

"ಏನು?"

"ನಾನು ಬಂದಾಗ ಅವರು ಇಲ್ಲಿ ಬಿದ್ದಿದ್ರು. ಮುಟ್ಟಿದೆ. ಮೈ ತಣ್ಣಗಾಗ್ತಾ ಇತ್ತು. ಆ ಹೆಡ್‌ಫೋನು ಅದರ ಪಾಡಿಗೆ ಹಾಡ್ತಾ ಇತ್ತು. ಮನೇಲಿ ಹೆಣ ಬಿದ್ದಿದೆ, ಇದಕ್ಕೇನು ಸಂಭ್ರಮ ಅಂತ ಸಿಟ್ಟು ಬಂತು, ಗುಂಡಿ ಒತ್ತಿ ನಿಲ್ಲಿಸಿದೆ. ಆಮೇಲೆ ಕೂಗಿಕೊಂಡೆ. ಇದನ್ನ ನಿಮ್ಮ ಹತ್ರ ಹೇಳೋಕೆ ಹೋದೆ ಮೇಡಂ. 'ಹಾಡಿನ ವಿಷಯ ಆಮೇಲೆ, ಬಾಗಿಲು ತೆರೆದಿತ್ತಾ ಅದನ್ನ ಹೇಳಿ' ಅಂದ್ರಿ."

ಅಂದಿದ್ದಳು. ಚೆನ್ನಾಗಿ ನೆನಪಿತ್ತು.

ಇನ್ಸ್‌ಪೆಕ್ಟರ್ ಮೇಜಿನ ಸುತ್ತ ನೋಡಿದಳು. "ಹೆಡ್‌ಫೋನು... ಅವರ ಕಿವಿಯಲ್ಲಿತ್ತಾ?"

"ಇಲ್ಲ. ಅಲ್ಲಿತ್ತು." ಅವಳು ಮೇಜಿನ ಮೇಲ್ಗಡೆ ಗೋಡೆಗೆ ಹೊಡೆದ ಮೊಳೆಯನ್ನು ತೋರಿಸಿದಳು. "ಕಿವಿಯಿಂದ ತೆಗೆದರೆ ಅವರು ಅದನ್ನ ಮೊಳೆಗೇ ಹಾಕೋದು. ಮೇಜಿನ ಮೇಲಿಟ್ಟರೆ ಗೋಂದು ಮೆತ್ತಿಕೊಳ್ಳುತ್ತೆ ಅಂತ."

ಮೊಳೆಗೆ ನೇತುಹಾಕಿದ ಹೆಡ್‌ಫೋನನ್ನು ಯಾರೂ ಕೇಳುವುದಿಲ್ಲ. ಇನ್ಸ್‌ಪೆಕ್ಟರ್ ನಿಧಾನವಾಗಿ ಮಾಸ್ತರ ಕಡೆ ತಿರುಗಿದಳು.

"ಮಾಸ್ತರೇ, ಆಗ ಏನೋ ಹೇಳೋಕೆ ಹೊರಟಿದ್ರಿ."

"ಅದನ್ನೇ ಮೇಡಂ." ಮಾಸ್ತರ ಧ್ವನಿ ಬಾವಿಯ ತಳದಿಂದ ಬಂದಂತಿತ್ತು. "ಓಡಿದ್ದು ಅಂದ ಮಾತ್ರಕ್ಕೆ ಕೇಳಿದ್ದು ಅಂತಲ್ಲ. ಕರೆಂಟು ಬಂದ ಕೂಡಲೇ ಇದು ನಿಂತಲ್ಲಿಂದ ತಾನಾಗೇ ಹಾಡೋಕೆ ಶುರು ಮಾಡುತ್ತೆ. ಅವನೇ ಹೇಳಿ ಮಾಡಿಸಿಕೊಂಡಿದ್ದು. ಕೈ ತುಂಬ ಗೋಂದಿರುತ್ತೆ ಸಾರ್, ಪ್ರತಿ ಸಲ ಗುಂಡಿ ಒತ್ತೋಕೆ ಆಗಲ್ಲ ಅಂದಿದ್ದ."

ಸೈಕಲ್ ಶಾಪಿನ ಕಂಪ್ರೆಸರ್ ಅವಳ ತಲೆಯಲ್ಲಿ ಗುರ್ ಎಂದಿತು. ಅವನೂ ಹೇಳಿದ್ದ, ತಾನಾಗೇ ಎದ್ದಿತು ಅಂತ. ಇವತ್ತಷ್ಟೇ ಹೇಳಿದ್ದ.

ಹಾಗಾದರೆ ಮೂರೂ ಮುಕ್ಕಾಲಿಂದ ಐದರವರೆಗೆ ಈ ಯಂತ್ರ ಹಾಡಿದ್ದು ಹೆಣಕ್ಕೆ. ಬದುಕಿದ್ದ ಬೈಂಡರ್ ಹಾಡು ಕೇಳಿದ್ದು ಎರಡು ಗಂಟೆಯವರೆಗೆ ಮಾತ್ರ. ಆಮೇಲಿನ ಹೊತ್ತು ಪೂರಾ ಕತ್ತಲು. ಆ ಕತ್ತಲಲ್ಲಿ, ಮೂರೂಕಾಲಿಗೆ, ಒಬ್ಬನು ಬಾಗಿಲ ಮುಂದೆ ನಿಂತಿದ್ದ. ಅವನನ್ನು ಅವಳು ಈಗಷ್ಟೇ ಬಿಟ್ಟು ಕಳಿಸಿದ್ದಳು.

"ಕರೆಂಟಿಲ್ಲದಾಗ ಅವರು ಹಾಡಿಲ್ಲದೆ ಕೂರ್ತಿದ್ರಾ?" ಎಂದು ಕೇಳಿದಳು. ಕೇಳಿ, ಈ ಸಲ ಕಾದಳು.

"ಅವರಾ?" ಹೆಂಡತಿ ಮೊದಲ ಸಲ ನಕ್ಕಳು. ಆ ನಗು ನೋಡುವ ಹಾಗಿರಲಿಲ್ಲ. "ಉಸಿರು ಬಿಟ್ಟಾರು, ಹಾಡು ಬಿಡೋರಲ್ಲ. ಅಂಗಿ ಜೇಬಲ್ಲಿ ಇನ್ನೊಂದು ಇಟ್ಕೊಂಡಿರ್ತಿದ್ರು. ಬೆಂಕಿಪೊಟ್ಟಣದಷ್ಟು ದೊಡ್ಡದು, ಬ್ಯಾಟರೀದು. ಕರೆಂಟು ಹೋದ್ರೆ ಅದು."

"ನಾವು ಮಾಡಿದ ಪಟ್ಟಿಯಲ್ಲಿ ಅದಿಲ್ಲ. ಅವರ ಜೇಬಲ್ಲಿ ಕನ್ನಡಕ, ಪೆನ್ಸಿಲ್ಲು, ಬಸ್ ಚೀಟಿ. ಅಷ್ಟೇ ಇದ್ದಿದ್ದು."

"ಇಲ್ವಾ?" ಹೆಂಡತಿ ನಗು ನಿಲ್ಲಿಸಿದಳು. "ನೀವೇ ತಗೊಂಡು ಹೋಗಿದ್ದೀರ ಅಂದುಕೊಂಡಿದ್ದೆ."

ಮಾಸ್ತರು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದರು. ಪರದೆಯ ಮೇಲೆ ಪಟ್ಟಿ: ಹಾಡು, ಹೊತ್ತು, ಮತ್ತು ಯಾವುದರಲ್ಲಿ ಓಡಿತು ಎನ್ನುವುದಕ್ಕೆ ಬೈಂಡರನೇ ಇಟ್ಟ ಹೆಸರು. ಎಲ್ಲ ಸಾಲಿನ ಕೊನೆಗೂ 'ಮೇಜು', 'ಮೇಜು', 'ಮೇಜು'. ಮೇಲೆ ಬುಧವಾರದ ಕಡೆ ಸರಿಸಿದರೆ ಅಲ್ಲಲ್ಲಿ 'ಜೇಬು'.

"ಜೇಬಿನದ್ದು ಹೊರಗಿದ್ದಾಗ ತನ್ನ ಪಟ್ಟಿ ತನ್ನೊಳಗೇ ಇಟ್ಟುಕೊಳ್ಳುತ್ತೆ ಮೇಡಂ. ಈ ಮನೆ ವೈಫೈ ಸಿಕ್ಕ ಕೂಡಲೇ ಕೂಡಿಟ್ಟಿದ್ದನ್ನೆಲ್ಲ ಇಲ್ಲಿ ಸುರಿಯುತ್ತೆ. ಬೇರೆ ಕಡೆ ಸುರಿಯಲ್ಲ, ದಾರಿ ಗೊತ್ತಿರೋದು ಇದೊಂದೇ ಮನೆ."

"ಅದರ ಗಡಿಯಾರ?"

"ಅದಕ್ಕೆ ಸ್ವಂತ ಬ್ಯಾಟರಿ ಇದೆ. ಅದು ತಪ್ಪಲ್ಲ."

ಅಂದರೆ ಬೈಂಡರನ ಕೊನೆಯ ಗಳಿಗೆ ನಿಮಿಷದ ಸಮೇತ ಆ ಬೆಂಕಿಪೊಟ್ಟಣದಲ್ಲಿದೆ. ಅದನ್ನು ಹೊತ್ತೊಯ್ದವನು ಯಾರೋ, ಎಲ್ಲೋ. ಇನ್ಸ್‌ಪೆಕ್ಟರ್ ಫೋನ್ ತೆಗೆದು ದಫೇದಾರನ ನಂಬರ್ ಒತ್ತಿದಳು. ರಿಂಗಾಯಿತು. ಆ ರಿಂಗು ಓಣಿಯಿಂದಲೇ ಕೇಳಿಸಿತು.

ಜೀಪು ಬಾಗಿಲ ಮುಂದೆಯೇ ನಿಂತಿತ್ತು. "ಊಟ ಆಮೇಲೆ, ಮೊದಲು ಅಣ್ಣನ ಕೋಣೆ ಒಂದ್ಸಲ ನೋಡಿ ಹೋಗ್ತೀನಿ ಅಂದ ಮೇಡಂ, ಕರ್ಕೊಂಡು ಬಂದೆ," ದಫೇದಾರ ಕಿಟಕಿಯಿಂದಲೇ ಕೂಗಿದ. "ಇಲ್ಲೆಲ್ಲ ಅಗೆದು ಹಾಕಿದಾರೆ. ಗಾಡಿನ ಓಣಿ ತುದಿಗೆ ನಿಲ್ಲಿಸಿ ಬರ್ತೀನಿ." ಅವಳು ಬೇಡ ಎನ್ನುವಷ್ಟರಲ್ಲಿ ಜೀಪು ಮುಂದೆ ಹೋಗಿ ಆಗಿತ್ತು.

ಮೊದಲು ತಾಯಿ ಒಳಗೆ ಬಂದಳು. ಬಂದವಳೇ ಇನ್ಸ್‌ಪೆಕ್ಟರ್ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕಣ್ಣೀರು ಬೆಚ್ಚಗಿತ್ತು.

"ನನ್ನ ಮಗನ್ನ ನನಗೆ ಕೊಟ್ರಿ ತಾಯೀ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಹಿಂದೆ ತಮ್ಮ ನಿಂತಿದ್ದ. ಎರಡು ದಿನದ ಗಡ್ಡ, ಒಳಗೆ ಹೋದ ಕಣ್ಣು. ಅಣ್ಣ ಬಿದ್ದಿದ್ದ ಜಾಗದ ಕಡೆ ಅವನು ನೋಡಲಿಲ್ಲ. ಕೋಣೆ ನೋಡಬೇಕು ಅಂದವನು ಕೋಣೆಯಲ್ಲಿ ಎಲ್ಲವನ್ನೂ ನೋಡಿದ, ಅದೊಂದನ್ನು ಬಿಟ್ಟು.

"ಮೇಡಂ," ಎಂದರು ಮಾಸ್ತರು. ಅವರು ಪರದೆಯ ಕಡೆ ಬೆರಳು ತೋರಿಸಿದರು.

ಪಟ್ಟಿ ಬೆಳೆಯುತ್ತಿತ್ತು. ಯಾರೂ ಮುಟ್ಟದೆ, ಒಂದರ ಮೇಲೊಂದು ಸಾಲು ಬಂದು ಕೂರುತ್ತಿತ್ತು. ಎಲ್ಲ ಸಾಲಿನ ಕೊನೆಗೂ ಒಂದೇ ಪದ: 'ಜೇಬು'.

ಗುರುವಾರ, ಎರಡು ಗಂಟೆ ನಾಲ್ಕು ನಿಮಿಷ. ಎರಡು ಒಂಬತ್ತು. ಎರಡು ಹದಿನೈದು. ಬೈಂಡರ್ ಕರೆಂಟಿಲ್ಲದ ಕೋಣೆಯಲ್ಲಿ ಕೂತು ಹೊಲಿಗೆ ಹಾಕುತ್ತ ಕೇಳಿದ ಹಾಡುಗಳು. ಮೂರು ಐದು. ಮೂರು ಹತ್ತು. ಮೂರು ಹದಿನಾರು.

ಅಲ್ಲಿಗೆ ನಿಂತಿತು. ಮೂರೂವರೆಗೆ ಇಲ್ಲ, ನಾಲ್ಕಕ್ಕೆ ಇಲ್ಲ. ಆಮೇಲೆ ಸಂಜೆ ಆರು ಐವತ್ತಕ್ಕೆ ಒಂದು ಹಾಡು. ಆರು ಐವತ್ತೈದಕ್ಕೆ ಮತ್ತೆ ಅದೇ ಹಾಡು. ಏಳಕ್ಕೆ ಅದೇ. ಶುಕ್ರವಾರವಿಡೀ ಅದೇ ಒಂದು ಹಾಡು. ಇವತ್ತು ಬೆಳಿಗ್ಗೆ ಕೂಡ, ಠಾಣೆಯ ಬೆಂಚಿನ ಮೇಲೆ ಯಾರೋ ಒಬ್ಬರು ಕೂತು ಕಾಯುತ್ತಿದ್ದ ಹೊತ್ತಿನಲ್ಲೂ, ಅದೇ.

ಇನ್ಸ್‌ಪೆಕ್ಟರ್ ಕಣ್ಣು ಮುದುಕಿಯ ಬಟ್ಟೆಯ ಚೀಲದ ಮೇಲೆ ನಿಂತಿತು.

"ಅಮ್ಮಾ," ಎಂದಳು. ತನ್ನ ಧ್ವನಿ ಇಷ್ಟು ಮೆತ್ತಗೆ ಬರಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. "ಚೀಲದಲ್ಲಿ ಏನಿದೆ?"

"ಏನಿಲ್ಲ ತಾಯೀ. ನನ್ನ ಮಾತ್ರೆ, ಒಂದು ಟವಲ್ಲು." ಮುದುಕಿ ಸಂಕೋಚದಿಂದ ಚೀಲದೊಳಗೆ ಕೈ ಹಾಕಿ ಕರವಸ್ತ್ರದ ಒಂದು ಗಂಟನ್ನು ತೆಗೆದು ಬಿಚ್ಚಿದಳು. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ. ಸುತ್ತಲೂ ಸುತ್ತಿದ ಕಿವಿಯ ತಂತಿ. ಮೂಲೆಯಲ್ಲಿ ಒಣಗಿದ ಗೋಂದು. "ಮತ್ತೆ ಇದು. ನನ್ನ ದೊಡ್ಡವನದ್ದು. ಇದನ್ನ ಆರಿಸೋದು ನನಗೆ ಬರಲ್ಲ, ಮುಂದಿನ ಹಾಡು ಹಾಕೋದೂ ಬರಲ್ಲ. ಹಿಂದಕ್ಕೆ ಒತ್ತೋದೊಂದು ಬರುತ್ತೆ. ಅದೇ ಹಾಡು ಮತ್ತೆ ಮತ್ತೆ ಕೇಳ್ತೀನಿ. ಅವನು ಪಕ್ಕದಲ್ಲೇ ಕೂತ ಹಾಗಿರುತ್ತೆ."

"ಅಮ್ಮ," ಎಂದ ತಮ್ಮ. ಈ ಕೋಣೆಗೆ ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು. "ಬಾ ಹೋಗೋಣ."

"ಇರೋ, ಕೇಳ್ತಿದ್ದಾರಲ್ಲ ಅವರು."

ಇನ್ನೊಬ್ಬರ ಮಾತು ಇಲ್ಲಿಗೇ ನಿಂತುಹೋಗಲಿ ಎಂದು ಇನ್ಸ್‌ಪೆಕ್ಟರ್ ಅಷ್ಟು ಆಸೆಪಟ್ಟದ್ದು ಆವತ್ತೊಂದೇ ದಿನ. ತಡೆಯುವುದು ಸುಲಭವಿತ್ತು. ಅಮ್ಮಾ ಸಾಕು, ಆಮೇಲೆ ಮಾತಾಡೋಣ ಅಂದಿದ್ದರೆ ಮುಗಿಯುತ್ತಿತ್ತು. ಅವಳು ತಡೆಯಲಿಲ್ಲ.

"ಇದು ನಿಮಗೆ ಹೇಗೆ ಬಂತು?"

"ಇವನೇ ತಂದುಕೊಟ್ಟನಲ್ಲ!" ಮುದುಕಿಯ ಮುಖದಲ್ಲಿ ಒಂದು ಕ್ಷಣ ಬೆಳಕು ಮೂಡಿತು. "ಗುರುವಾರ ಸಂಜೆ. 'ಅಣ್ಣನ ಮನೆಗೆ ಹೋಗಿದ್ದೆ, ಅಮ್ಮ ಹಾಡು ಕೇಳಲಿ ಅಂತ ಕೊಟ್ಟು ಕಳಿಸಿದ' ಅಂದ. ಇಬ್ಬರೂ ಮಾತು ಬಿಟ್ಟು ಒಂದು ತಿಂಗಳಾಗಿತ್ತು ತಾಯೀ. ಅವತ್ತು ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಸಾಯೋ ಮೊದಲು ಒಂದಾದರಲ್ಲ ನನ್ನ ಮಕ್ಕಳು."

ಬೈಂಡರನ ಹೆಂಡತಿಯ ಕೈ ಬಾಯಿಗೆ ಹೋಯಿತು. ಪರದೆಯ ಮೇಲೆ ಕೊನೆಯ ಸಾಲು ಬಂದು ಕೂತು, ಪಟ್ಟಿ ಸುಮ್ಮನಾಯಿತು.

ತಮ್ಮ ತಾಯಿಯನ್ನು ನೋಡಲಿಲ್ಲ. ಅವನು ನೋಡುತ್ತಿದ್ದುದು ಇನ್ಸ್‌ಪೆಕ್ಟರನ್ನು. ನೋಡುತ್ತಲೇ ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಬೆನ್ನು ಕೊಟ್ಟ. ಅವನ ಎಡಗೈ ಬೆನ್ನ ಹಿಂದೆ ಹೋಯಿತು. ಚಿಲಕ ಬಿದ್ದ ಸದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಬಲಗೈ ಪಕ್ಕದ ಸ್ಟೂಲಿನ ಮೇಲಿದ್ದ ಕಬ್ಬಿಣದ ಗುಂಡಿನ ಮೇಲೆ ಮೆಲ್ಲಗೆ ಕೂತಿತು.

ಮುದುಕಿ ಕರವಸ್ತ್ರದ ಗಂಟನ್ನು ಮತ್ತೆ ಕಟ್ಟುತ್ತ ತಲೆಯೆತ್ತಿದಳು.

"ಬಾಗಿಲು ಯಾಕಪ್ಪಾ ಹಾಕ್ದೆ?"